ಆಸ್ಪತ್ರೆಯಲ್ಲಿ ಹಿರಿಯರ ಕೈ ಕಟ್ಟುವುದು ಏಕೆ?



ಆಸ್ಪತ್ರೆಗೆ ಸೇರಿಸಿದ ಅಜ್ಜನೋ ಅತ್ತೆಯೋ ರಾತ್ರಿ ಇದ್ದಕ್ಕಿದ್ದಂತೆ ಗೊಂದಲಗೊಂಡು ಡ್ರಿಪ್ ಕಿತ್ತುಹಾಕುವುದುಂಟು. ಇದು ಹುಚ್ಚಲ್ಲ. ಸೋಂಕು, ದೇಹದಲ್ಲಿ ನೀರು ಕಡಿಮೆಯಾಗುವುದು, ಕೆಲವು ಔಷಧಿ, ನಿದ್ದೆಗೇಡು ಇದಕ್ಕೆ ಕಾರಣ. ವಾರ್ಡ್ ತುಂಬ ರೋಗಿಗಳಿದ್ದು ನರ್ಸ್‌ಗಳು ಕಡಿಮೆಯಿದ್ದರೆ, ಒಬ್ಬರ ಪಕ್ಕದಲ್ಲೇ ಕೂರೋದಕ್ಕೆ ಅವರಿಗೆ ಆಗೋದಿಲ್ಲ. ಆಗ ಕೈಗಳನ್ನು ಮಂಚಕ್ಕೆ ಕಟ್ಟುತ್ತಾರೆ.

ಕಟ್ಟಿದರೆ ಬೀಳೋದಿಲ್ಲ ಅಂತ ನಾವೂ ಸುಮ್ಮನಾಗುತ್ತೇವೆ. ಆದರೆ ಕಟ್ಟಿದರೆ ಗಾಬರಿ, ಒದ್ದಾಟ ಹೆಚ್ಚಬಹುದು, ಬೆನ್ನಿನಲ್ಲಿ ಹುಣ್ಣಾಗಬಹುದು, ಕೈಕಾಲಿನ ಶಕ್ತಿ ಕುಂದಬಹುದು.

2017ರ ಮಾನಸಿಕ ಆರೋಗ್ಯ ಕಾಯ್ದೆ, ಸಿಬ್ಬಂದಿ ಕಡಿಮೆ ಎಂಬ ಒಂದೇ ಕಾರಣಕ್ಕೆ ಮಾನಸಿಕ ರೋಗಿಯನ್ನು ಕಟ್ಟಬಾರದು ಎನ್ನುತ್ತದೆ. ಈ ನ್ಯಾಯ ನಮ್ಮ ಹಿರಿಯರಿಗೂ ಬೇಡವೇ?

ನಾವು ಮಾಡಬಹುದಾದದ್ದು:

1. ಮನೆಯವರು, ಸಂಘದವರು ಸರದಿಯಂತೆ ರಾತ್ರಿ ಜೊತೆಗಿರಿ.
2. ಹಗಲಲ್ಲಿ ಕನ್ನಡಕ, ಕಿವಿಯ ಮೆಷಿನ್ ಹಾಕಿಸಿ, ಮಾತಾಡಿಸಿ. ಡಾಕ್ಟರನ್ನು ಕೇಳಿ ನೀರು ಕುಡಿಸಿ.
3. ಕಟ್ಟಿದ್ದರೆ ನೀವಾಗಿ ಬಿಚ್ಚಬೇಡಿ. ಯಾಕೆ ಕಟ್ಟಿದ್ದು, ಯಾವಾಗ ಬಿಚ್ಚುತ್ತೀರಿ ಎಂದು ಕೇಳಿ.

ನರ್ಸಮ್ಮನ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಹೆಚ್ಚು ನರ್ಸ್‌ಗಳನ್ನು ಕೊಡಿ ಎಂದು ಸರ್ಕಾರಿ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಸಂಘದಿಂದ ಮನವಿ ಬರೆಯಿರಿ.