ಪುಣೆಯಲ್ಲಿ ಹುಟ್ಟಿದ ವಿದ್ವತ್ಪರಿಷತ್ತು

ಸರ್ ರಾಮಕೃಷ್ಣ ಗೋಪಾಳ ಭಾಂಡಾರಕರರಿಗೆ ಎಂಬತ್ತು ತುಂಬಿದ ದಿನ, ಎಂದರೆ 1917ರ ಜುಲೈ 6ರಂದು, ಅವರ ಶಿಷ್ಯರೂ ಅಭಿಮಾನಿಗಳೂ ಕೂಡಿ ಪುಣೆಯಲ್ಲಿ ಅವರ ಹೆಸರಿನ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವನ್ನು ಸ್ಥಾಪಿಸಿದರು. ಆ ಮಂದಿರದ ಆಶ್ರಯದಲ್ಲಿ 1919ರ ನವೆಂಬರಿನಲ್ಲಿ, ಭಾಂಡಾರಕರರ ಅಧ್ಯಕ್ಷತೆಯಲ್ಲಿಯೇ, ಅಖಿಲ ಭಾರತ ಪ್ರಾಚ್ಯವಿದ್ಯಾ ಪರಿಷತ್ತು ಪ್ರಥಮತಃ ಸಮಾವೇಶಗೊಂಡಿತು. 1922ರಲ್ಲಿ ಕಲ್ಕತ್ತೆಯಲ್ಲಿ ಫ್ರಾನ್ಸಿನ ಸಿಲ್ವಾಂ ಲೆವಿಯವರು ಅದರ ಅಧ್ಯಕ್ಷಪೀಠವನ್ನು ಅಲಂಕರಿಸಿದರು. 1935ರಲ್ಲಿ ಮೈಸೂರೂ 1976ರಲ್ಲಿ ಧಾರವಾಡವೂ ಅದಕ್ಕೆ ಆತಿಥ್ಯ ನೀಡಿದುವು.

ಇಂಥ ಪರಿಷತ್ತಿಗೆ ಜೀವವಾದ ಶ್ರದ್ಧೆ ಯಾವ ಬಗೆಯದೆಂಬುದನ್ನು ಅರಿಯಬಯಸುವ ಕನ್ನಡಿಗನು, ಅದೇ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಕೆ. ಬಿ. ಪಾಠಕರನ್ನು ನೆನೆಯಬೇಕು. 1898ರಲ್ಲಿ 'ಕವಿರಾಜಮಾರ್ಗ'ವನ್ನು ಸಂಪಾದಿಸಿ ಅಚ್ಚಿಗೆ ಕೊಟ್ಟವರು ಇವರೇ. ಅದಕ್ಕೂ ಮೊದಲು, 1894ರಲ್ಲಿ, ಅವರು ಮಾಡಿದ ಕಾರ್ಯವೊಂದು ಅತ್ಯಂತ ಮನೋಹರವಾದುದು. ಮಾನ್ಯಖೇಟದ ಅಮೋಘವರ್ಷ ನೃಪತುಂಗನಿಗೆ ಗುರುವಾಗಿದ್ದ ಜಿನಸೇನಾಚಾರ್ಯನು, ಕಾಳಿದಾಸನ 'ಮೇಘದೂತ'ದ ಸಾಲುಗಳನ್ನು ಒಂದೊಂದಾಗಿಯೋ ಎರಡೆರಡಾಗಿಯೋ ತನ್ನ ಪದ್ಯಗಳಲ್ಲಿ ಹೆಣೆದು, ಸಮಸ್ಯಾಪೂರಣದ ರೀತಿಯಲ್ಲಿ, ಪಾರ್ಶ್ವನಾಥ ತೀರ್ಥಂಕರನ ಕಥೆಯನ್ನು 'ಪಾರ್ಶ್ವಾಭ್ಯುದಯ'ವೆಂಬ ಕಾವ್ಯವಾಗಿ ರಚಿಸಿದ್ದನು. ವಿರಹಿಯಾದ ಯಕ್ಷನ ಶೃಂಗಾರವಾಣಿಯು ಅಲ್ಲಿ ತಪಸ್ವಿಯೊಬ್ಬನ ಸ್ಥೈರ್ಯವನ್ನು ಸಾರುವ ಮಾತಾಗಿ ಪರಿಣಮಿಸಿದೆ. ಪಾಠಕರು ಕಂಡುದೇನೆಂದರೆ, ಒಂಬತ್ತನೆಯ ಶತಮಾನದಲ್ಲಿ ಕನ್ನಡನಾಡಿನ ವಿದ್ವಾಂಸರು ಓದುತ್ತಿದ್ದ ಮೇಘದೂತದ ಪಾಠವೇ ಈ ಜೈನಕಾವ್ಯದ ಒಡಲಲ್ಲಿ ಸುರಕ್ಷಿತವಾಗಿ ಉಳಿದಿದೆ ಎಂಬುದು. ಆ ಸಾಲುಗಳನ್ನು ಬಿಡಿಸಿ ತೆಗೆದು, ಅನುಕ್ರಮದಲ್ಲಿ ಜೋಡಿಸಿ, ಅವರು ಮೇಘದೂತವನ್ನು ಪ್ರಕಟಿಸಿದರು. ಯಾವ ಶ್ಲೋಕ ಮೂಲದ್ದು, ಯಾವುದು ಪ್ರಕ್ಷಿಪ್ತ ಎಂಬ ವಿಚಾರಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷಿ ವಿರಳ. ಅವರ ಸ್ಮರಣೆಗಾಗಿ 1934ರಲ್ಲಿ ಭಾಂಡಾರಕರ ಮಂದಿರವೇ ಒಂದು ಸಂಪುಟವನ್ನು ಹೊರತಂದಿತು.

ಪರಿಷತ್ತಿನ ನಡೆವಳಿ ಸರಳವಾದುದು. ಪ್ರಬಂಧಗಳು ವೇದ, ಪ್ರಾಕೃತ ಮತ್ತು ಜೈನಧರ್ಮ, ದ್ರಾವಿಡ ಅಧ್ಯಯನ ಮೊದಲಾದ ವಿಭಾಗಗಳಿಗೆ ಹಂಚಿಕೆಯಾಗುತ್ತವೆ. ಪ್ರತಿ ವಿಭಾಗಕ್ಕೂ ಒಬ್ಬ ಅಧ್ಯಕ್ಷರು. ಓದಿದವನು ಸಭಿಕರ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಆದರೆ ವಿದ್ಯೆಯ ಮನೆಗೂ ಕಷ್ಟಕಾಲ ತಪ್ಪಲಿಲ್ಲ. ಮಹಾಭಾರತದ ಪರಿಶೋಧಿತ ಆವೃತ್ತಿಯನ್ನು 1966ರಲ್ಲಿ ಪೂರ್ಣಗೊಳಿಸಿದ ಭಾಂಡಾರಕರ ಮಂದಿರದ ಮೇಲೆಯೇ 2004ರ ಜನವರಿ 5ರಂದು ಗುಂಪೊಂದು ನುಗ್ಗಿ ಗ್ರಂಥಗಳನ್ನೂ ಹಸ್ತಪ್ರತಿಗಳನ್ನೂ ಹಾಳುಗೆಡವಿತು. ಓದುವ ಅಭ್ಯಾಸವು ಕೆಲವೇ ವೃದ್ಧ ಪಂಡಿತರ ಸೊತ್ತಾಗಿ ಉಳಿದ ನಾಡಿನಲ್ಲಿ ಗ್ರಂಥಗಳಿಗೆ ಕಾವಲು ಎಲ್ಲಿಂದ ಬಂದೀತು?

ಪಾಠಕರ ವಿಧಾನಕ್ಕೆ ದುಬಾರಿ ಉಪಕರಣವೇನೂ ಬೇಕಿರಲಿಲ್ಲ. ಎರಡು ಗ್ರಂಥಗಳನ್ನು ಎದುರುಬದುರಾಗಿಟ್ಟು ಓದುವ ತಾಳ್ಮೆಯೊಂದೇ ಅದರ ಬಂಡವಾಳ. ಬಿ.ಎ. ತರಗತಿಯ ವಿದ್ಯಾರ್ಥಿಗೂ ಅದು ಸಾಧ್ಯವೆಂದು ನಾನು ದೃಢವಾಗಿ ನಂಬಿದ್ದೇನೆ. ಒಂದು ವಚನದ ಎರಡು ಮುದ್ರಣಗಳ ಪಾಠಾಂತರವನ್ನೋ ತನ್ನೂರಿನ ಗುಡಿಯ ಶಾಸನವನ್ನೋ ಹಿಡಿದು ಅವನು ಆರಂಭಿಸಬಹುದು. ಕನ್ನಡನಾಡಿನ ಅಧ್ಯಾಪಕರಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ಎರಡು ವರ್ಷಕ್ಕೊಮ್ಮೆ ನೆರೆಯುವ ಈ ಪರಿಷತ್ತಿಗೆ ನಿಮ್ಮ ಪ್ರಬಂಧದೊಡನೆ ಒಬ್ಬಿಬ್ಬರು ಎಳೆಯ ವಿದ್ಯಾರ್ಥಿಗಳನ್ನೂ ಕರೆದೊಯ್ಯಿರಿ.