ಪ್ರಸಾದಕಾಯದ ರಕ್ಷಣೆ: ಸೋಂಕಿನ ಕಾಲದ ಆಹಾರ ಮತ್ತು ಆಚರಣೆ



ಕೊರೋನಾ ಸೋಂಕಿನಿಂದ ಭಾರತದಲ್ಲಿ ಮೊದಲ ಸಾವು ದಾಖಲಾದುದು 2020ರ ಮಾರ್ಚ್ ತಿಂಗಳಿನಲ್ಲಿ, ನಮ್ಮ ಕಲಬುರಗಿಯಲ್ಲಿ. ಅಂದಿನಿಂದ 2021ರ ಎರಡನೆಯ ಅಲೆಯವರೆಗೆ ಈ ವ್ಯಾಧಿಯು ಅನೇಕ ಭಕ್ತರ ಮನೆಗಳಿಗೆ ದುಃಖವನ್ನು ತಂದಿತು. ಯಾವ ಕಷಾಯ ಕುಡಿಯಬೇಕು, ಏನನ್ನು ಉಂಡರೆ ರೋಗ ತಗಲುವುದಿಲ್ಲ ಎಂದು ಭಕ್ತರು ಶ್ರೀಮಠವನ್ನು ಕೇಳುತ್ತಲೇ ಇದ್ದರು. ಪೂಜ್ಯ ಶ್ರೀಗಳ ಅಪ್ಪಣೆಯ ಮೇರೆಗೆ ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ತಿಳಿಯಬೇಕಾದುದು ಇಷ್ಟು: ವೈರಾಣು ದೇಹವನ್ನು ಪ್ರವೇಶಿಸದಂತೆ ತಡೆಯುವ ಆಹಾರ ಯಾವುದೂ ಇಲ್ಲ. ಆಹಾರವು ದೇಹಕ್ಕೆ ತ್ರಾಣವನ್ನು ಕೊಡುತ್ತದೆ. ಸೋಂಕನ್ನು ದೂರವಿಡುವುದು ನಮ್ಮ ಆಚರಣೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಸೋಂಕಿತರು ಉಸಿರಾಡುವಾಗ, ಮಾತನಾಡುವಾಗ, ಕೆಮ್ಮುವಾಗ ಹೊರಬೀಳುವ ಸೂಕ್ಷ್ಮ ಕಣಗಳ ಮೂಲಕ ಈ ವೈರಾಣು ಹರಡುತ್ತದೆ. ಆದುದರಿಂದ ಮುಖಗವಸು, ಅಂತರ, ಗಾಳಿಯಾಡುವ ಕೋಣೆ ಇವು ಅವಶ್ಯಕ. ವೈರಾಣುವಿನ ಹೊರಗವಚವು ಕೊಬ್ಬಿನಿಂದ ಕೂಡಿದ್ದು, ಸಾಬೂನು ಅದನ್ನು ಒಡೆಯುತ್ತದೆ. 20 ಸೆಕೆಂಡುಗಳ ಕಾಲ ಕೈಯುಜ್ಜಿ ತೊಳೆಯಬೇಕೆನ್ನುವುದು ಇದಕ್ಕಾಗಿಯೇ. ಇಷ್ಟಲಿಂಗ ಪೂಜೆಗೆ ಜನಸಂದಣಿ ಬೇಕಿಲ್ಲ, ಅದು ಅಂಗೈಯಲ್ಲಿಯೇ ನೆರವೇರುವಂಥದು. ಜಾತ್ರೆ, ಸಾಮೂಹಿಕ ಪೂಜೆಗಳನ್ನು ಬಿಟ್ಟು ಮನೆಯಲ್ಲಿಯೇ ಪೂಜಿಸಿದರೆ ಭಕ್ತಿಗೆ ಕೊರತೆಯೇನೂ ಆಗದು. ಪಾದೋದಕ, ಪ್ರಸಾದಗಳನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಬಟ್ಟಲಿನಲ್ಲಿಯೇ ಸ್ವೀಕರಿಸಬೇಕು.

ಇನ್ನು ಆಹಾರ. ಶರಣರು ಕಾಯವನ್ನು ಪ್ರಸಾದಕಾಯವೆಂದು ಕಂಡರು. ಅದನ್ನು ದಂಡಿಸುವುದನ್ನು ಅವರು ಒಪ್ಪಲಿಲ್ಲ. ಜ್ವರ ಬಂದವರು ಸೋಮವಾರವೆಂದು ಉಪವಾಸ ಮಾಡುವುದು ತರವಲ್ಲ. ಸಸ್ಯಾಹಾರಿಗಳಾದ ನಮಗೆ ಪ್ರೋಟೀನಿನ ಮುಖ್ಯ ಆಧಾರ ಬೇಳೆಕಾಳು ಮತ್ತು ಹಾಲು, ಮೊಸರು. 100 ಗ್ರಾಂ ತೊಗರಿಬೇಳೆ ಅಥವಾ ಹೆಸರುಕಾಳಿನಲ್ಲಿ 20 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇರುತ್ತದೆ. ಜೋಳದ ರೊಟ್ಟಿಯೊಡನೆ ಮೊಳಕೆಕಾಳಿನ ಪಲ್ಯ, ನುಗ್ಗೆಸೊಪ್ಪು ಅಥವಾ ಮೆಂತ್ಯದ ಪಲ್ಯ, ಒಂದು ಬಟ್ಟಲು ಮೊಸರು ಇದ್ದರೆ ಊಟ ಪೂರ್ಣವಾಯಿತು. ನೆಲ್ಲಿಕಾಯಿ, ಪೇರಲ, ನಿಂಬೆಗಳಲ್ಲಿ ಸಿ ಜೀವಸತ್ವವಿದೆ. ದುಬಾರಿ ಹಣ್ಣುಗಳೇ ಆಗಬೇಕೆಂದಿಲ್ಲ. ಬಾಯಿರುಚಿ ಕೆಟ್ಟವರಿಗೆ ಗಂಜಿ, ಮಜ್ಜಿಗೆ, ಬೇಳೆಕಟ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ಕೊಡಬೇಕು.

ಶುಂಠಿ, ಮೆಣಸು, ಅರಿಶಿನಗಳ ಕಷಾಯವು ಗಂಟಲಿಗೆ ಹಿತ. ಆದರೆ ದಿನಕ್ಕೆ ನಾಲ್ಕೈದು ಸಲ ಕುಡಿದರೆ ಹೊಟ್ಟೆಯುರಿ ಬರಬಹುದು. ಬೆಲ್ಲ ಬೆರೆಸಿದ್ದಾದರೆ ಮಧುಮೇಹಿಗಳಿಗೆ ಅಪಾಯ. ಇದಕ್ಕಿಂತ ದೊಡ್ಡ ಅಪಾಯವೆಂದರೆ, ಕಷಾಯವನ್ನೇ ನಂಬಿ ಪರೀಕ್ಷೆಯನ್ನು, ಆಸ್ಪತ್ರೆಯನ್ನು ಮುಂದೂಡುವುದು. ಜ್ವರ, ಕೆಮ್ಮು ಕಂಡೊಡನೆ ಪ್ರತ್ಯೇಕವಾಗಿದ್ದು ಪರೀಕ್ಷೆ ಮಾಡಿಸಿಕೊಳ್ಳಬೇಕು. ಪಲ್ಸ್ ಆಕ್ಸಿಮೀಟರಿನಲ್ಲಿ ಆಮ್ಲಜನಕದ ಪ್ರಮಾಣ 94ಕ್ಕಿಂತ ಕಡಿಮೆ ತೋರಿದರೆ, ಉಸಿರಾಟಕ್ಕೆ ಕಷ್ಟವಾದರೆ, ಎದೆನೋವು ಅಥವಾ ಮಂಪರು ಕಂಡರೆ ಬೆಳಗಾಗಲೆಂದು ಕಾಯದೆ ವೈದ್ಯರಲ್ಲಿಗೆ ಒಯ್ಯಬೇಕು. 108ಕ್ಕೆ ಕರೆ ಮಾಡಬೇಕು. ಕೆಲವರಲ್ಲಿ ಆಯಾಸ ತೋರುವ ಮೊದಲೇ ಆಮ್ಲಜನಕ ಕುಸಿದಿರುತ್ತದೆ ಎಂಬುದನ್ನು ಮರೆಯಬಾರದು.

ನಮ್ಮ ದೇಶದಲ್ಲಿ 2021ರ ಜನವರಿ 16ರಿಂದ ಲಸಿಕೆ ಆರಂಭವಾಯಿತು. ಅದೇ ವರ್ಷದ ಮೇ 1ರಿಂದ 18 ವರ್ಷ ಮೇಲ್ಪಟ್ಟವರೆಲ್ಲರೂ ಅದಕ್ಕೆ ಅರ್ಹರಾದರು. ಲಸಿಕೆಯು ಆ ವೈರಾಣುವನ್ನೇ ಗುರುತಿಸಿ ಎದುರಿಸಲು ದೇಹಕ್ಕೆ ಮುಂಚಿತವಾಗಿಯೇ ಕಲಿಸುತ್ತದೆ. ಯಾವ ಊಟವೂ ಮಾಡಲಾರದ ಕೆಲಸವಿದು. ಲಸಿಕೆಯ ಡೋಸುಗಳನ್ನು ತಪ್ಪದೆ ಪಡೆಯಬೇಕು. ಮನೆಯ ಹಿರಿಯರನ್ನು ಕೈಹಿಡಿದು ಕರೆದೊಯ್ಯಬೇಕು.

ಕೊನೆಯದಾಗಿ ದಾಸೋಹದ ಮಾತು. ಪಂಕ್ತಿಯಲ್ಲಿ ಕೂಡಿಸಿ ಉಣಬಡಿಸುವುದು ಸೋಂಕು ಹರಡುತ್ತಿರುವಾಗ ಸಾಧ್ಯವಿಲ್ಲ. ಆದರೆ ಸೋಂಕು ತಗಲಿದ ಮನೆಯಲ್ಲಿ ಒಲೆ ಹೊತ್ತಿಸುವವರೇ ಹಾಸಿಗೆ ಹಿಡಿದಿರುತ್ತಾರೆ. ಅಂಥ ಮನೆಯ ಹೊಸ್ತಿಲಿಗೆ ಎರಡು ರೊಟ್ಟಿ, ಪಲ್ಯ, ಗಂಜಿಯನ್ನು ಇಟ್ಟು, ದೂರದಿಂದಲೇ ಕೂಗಿ ತಿಳಿಸಿ ಬರುವುದು ಸೋಂಕಿನ ಕಾಲದ ದಾಸೋಹ. ಕೂಲಿ ನಿಂತ ಮನೆಗೆ ಬೇಳೆಯನ್ನು ಮುಟ್ಟಿಸದೆ ಪೌಷ್ಟಿಕ ಆಹಾರ ಉಣ್ಣಿರೆಂದು ಉಪದೇಶಿಸಿದರೆ ಪ್ರಯೋಜನವಿಲ್ಲ. ರೋಗಿಯನ್ನು ಹಳಿಯದೆ, ಆ ಮನೆಯವರನ್ನು ದೂರ ಮಾಡದೆ, ಅವರೂ ನಮ್ಮವರೆಂದು ನಡೆದುಕೊಳ್ಳೋಣ.



ಕಾರ್ಯದರ್ಶಿಗಳು, ಶ್ರೀಮಠ