ಆಳಿಸಿಕೊಳ್ಳುವವರೇ ಆಳುವ ಒಕ್ಕೂಟ

ವೃತ್ತಿಪರ ಫುಟ್‌ಬಾಲಿನ ಲೀಗ್ ಎಂಬುದು ಒಂದು ಋತುವಿನುದ್ದಕ್ಕೂ ಪರಸ್ಪರ ಆಡಲು ಒಪ್ಪಿ ಸೇರಿದ ಕ್ಲಬ್ಬುಗಳ ಒಕ್ಕೂಟ. ಪ್ರತಿಯೊಂದು ಕ್ಲಬ್ಬೂ ಉಳಿದ ಎಲ್ಲವುಗಳೊಡನೆ ತನ್ನ ಅಂಗಳದಲ್ಲೊಮ್ಮೆ, ಎದುರಾಳಿಯ ಅಂಗಳದಲ್ಲೊಮ್ಮೆ ಆಡುತ್ತದೆ. ಗೆದ್ದರೆ 3 ಅಂಕ, ಸಮವಾದರೆ 1. ಋತು ಮುಗಿದಾಗ ತಳದಲ್ಲಿ ಉಳಿದವು ಸಾಮಾನ್ಯವಾಗಿ ಕೆಳದರ್ಜೆಗೆ ಇಳಿಯುತ್ತವೆ. ಇಂಥ ಒಕ್ಕೂಟ ಮೊದಲು ಹುಟ್ಟಿದ್ದು 1888ರಲ್ಲಿ, ಇಂಗ್ಲೆಂಡಿನಲ್ಲಿ, ಆಸ್ಟನ್ ವಿಲ್ಲಾ ಕ್ಲಬ್ಬಿನ ವಿಲಿಯಂ ಮೆಕ್‌ಗ್ರೆಗರ್ ಎಂಬಾತನ ಪ್ರಯತ್ನದಿಂದ. ಆಟಗಾರರಿಗೆ ಸಂಬಳ ಕೊಡತೊಡಗಿದ್ದ 12 ಕ್ಲಬ್ಬುಗಳಿಗೆ ಕೊನೆಯ ಗಳಿಗೆಯಲ್ಲಿ ರದ್ದಾಗದ ಪಂದ್ಯಗಳೂ, ಅವುಗಳಿಂದ ಬರುವ ನಿಶ್ಚಿತವಾದ ಟಿಕೆಟ್ಟಿನ ಹಣವೂ ಬೇಕಾಗಿದ್ದುದೇ ಅದರ ಮೂಲಕಾರಣ.

ಇಷ್ಟರವರೆಗೆ ಯಾರಿಗೂ ತೊಡಕಿಲ್ಲ. ಲೀಗನ್ನು ಆಳುವವರಾರು ಎಂದು ಕೇಳಿದೊಡನೆ ಮಾತ್ರ, ಎಲ್ಲೋ ಎತ್ತರದಲ್ಲಿ ಕುಳಿತ ಒಂದು ಪ್ರಭುತ್ವವೂ, ಅದರೆದುರು ತಲೆಬಾಗಿ ನಿಂತ ಕ್ಲಬ್ಬುಗಳೂ ಸಾಮಾನ್ಯ ವಾಚಕನ ಕಣ್ಣಿಗೆ ಕಟ್ಟುತ್ತವೆ. ಈ ವಿಷಯವನ್ನು ವಿವರಿಸಲು ಹೊರಟಲ್ಲೆಲ್ಲ ನನಗೆ ಮೊದಲು ಎದುರಾಗುವ ಭ್ರಾಂತಿ ಇದೇ. ಇದು ಕಳೆಯದೆ ಮುಂದಿನ ಯಾವ ಮಾತೂ ನೆಲೆ ನಿಲ್ಲಲಾರದು.

1992ರಲ್ಲಿ ಆರಂಭವಾದ ಇಂಗ್ಲೆಂಡಿನ ಪ್ರೀಮಿಯರ್ ಲೀಗನ್ನೇ ನೋಡೋಣ. ಕಾನೂನಿನ ದೃಷ್ಟಿಯಲ್ಲಿ ಅದೊಂದು ಕಂಪನಿ; ಅದರ ಷೇರುದಾರರು ಅದರಲ್ಲಿ ಆಡುವ 20 ಕ್ಲಬ್ಬುಗಳೇ, ಒಂದೊಂದಕ್ಕೆ ಒಂದೇ ಷೇರು, ಒಂದೇ ಮತ. ಜಗದ್ವಿಖ್ಯಾತವಾದ ಮ್ಯಾಂಚೆಸ್ಟರ್ ಯುನೈಟೆಡ್ಡಿಗೆ ಇರುವಷ್ಟೇ ಮತಬಲ ನಿನ್ನೆ ತಾನೇ ಮೇಲೇರಿ ಬಂದ ಸಣ್ಣ ಊರಿನ ಕ್ಲಬ್ಬಿಗೂ ಉಂಟು. ಅದರಲ್ಲಿಯೂ ನನಗೆ ಅತ್ಯಂತ ಸೊಗಸಾಗಿ ತೋರುವ ಕಟ್ಟಳೆಯೆಂದರೆ, ಋತುವಿನ ಅಂತ್ಯದಲ್ಲಿ ಕೆಳಗಿಳಿಯುವ 3 ಕ್ಲಬ್ಬುಗಳು ತಮ್ಮ ಷೇರುಗಳನ್ನು ಮೇಲೇರಿ ಬರುವ 3 ಕ್ಲಬ್ಬುಗಳಿಗೆ ವರ್ಗಾಯಿಸತಕ್ಕದ್ದು. ಮೈದಾನದ ಸೋಲುಗೆಲುವುಗಳೇ ಕಂಪನಿಯ ಒಡೆತನವನ್ನು ಪ್ರತಿವರ್ಷವೂ ನಿರ್ಣಯಿಸುವಂಥ ಉದ್ಯಮ ಬೇರೆಲ್ಲಿ ಸಿಕ್ಕೀತು! ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ನಿಗೆ ಒಂದು ವಿಶೇಷ ಷೇರು ಇದ್ದರೂ, ಅದು ಕೆಲವು ಮೂಲಭೂತ ವಿಷಯಗಳಲ್ಲಿ ತಡೆಯೊಡ್ಡುವುದಕ್ಕೆ ಮಾತ್ರ.

ನಿಯಮವೊಂದನ್ನು ಸೇರಿಸಲು ಅಥವಾ ತೆಗೆಯಲು ಮತ ಹಾಕಿದ ಕ್ಲಬ್ಬುಗಳಲ್ಲಿ ಮೂರನೆಯ ಎರಡು ಭಾಗದಷ್ಟು ಒಪ್ಪಬೇಕು; ಇಪ್ಪತ್ತೂ ಕ್ಲಬ್ಬುಗಳು ಮತ ಹಾಕಿದರೆ ಅದು 14 ಆಗುತ್ತದೆ. ಹೀಗೆ ರೂಪುಗೊಂಡ ನಿಯಮಾವಳಿ ಕ್ಲಬ್ಬುಗಳು ತಮ್ಮತಮ್ಮೊಳಗೆ ಬರೆದುಕೊಂಡ ಕರಾರು. ಆದುದರಿಂದ ದಂಡನೆಗೆ ಗುರಿಯಾದ ಕ್ಲಬ್ಬು ಪರರ ಆಜ್ಞೆಯನ್ನು ಮುರಿಯಿತೆನ್ನುವುದಕ್ಕಿಂತ ತಾನೇ ಕೊಟ್ಟ ಮಾತಿಗೆ ತಪ್ಪಿತೆನ್ನುವುದೇ ಸರಿ.

ಈ ಕರಾರಿನ ಬಲವನ್ನೂ ದೌರ್ಬಲ್ಯವನ್ನೂ ಒಟ್ಟಿಗೆ ಕಾಣಿಸುವುದು ನಷ್ಟಮಿತಿಯ ನಿಯಮ. ಗೆಲುವಿನ ಆಸೆಯಿಂದ ಒಂದು ಕ್ಲಬ್ಬು ಆದಾಯಕ್ಕೆ ಮೀರಿ ಸಂಬಳ ಕೊಟ್ಟರೆ ಉಳಿದವೂ ಅದರ ಹಿಂದೆ ಓಡಲೇಬೇಕಾಗುತ್ತದೆ. ಆ ಓಟದ ಕೊನೆ ದಿವಾಳಿ. 2010ರಲ್ಲಿ ಪೋರ್ಟ್ಸ್‌ಮತ್ ಕ್ಲಬ್ಬು ಸಾಲದಲ್ಲಿ ಮುಳುಗಿ, ನ್ಯಾಯವಿಧಿಯಂತೆ ಅನ್ಯರ ಆಡಳಿತಕ್ಕೆ ಒಳಗಾಗಿ, 9 ಅಂಕಗಳನ್ನು ಕಳೆದುಕೊಂಡು ಕೆಳಗಿಳಿಯಿತು. 2013ರಲ್ಲಿ ಕ್ಲಬ್ಬುಗಳು, 6 ವಿರೋಧಿಸಿ ಒಂದು ತಟಸ್ಥವಾಗಿದ್ದರೂ, ಹೊಸ ಕಟ್ಟಳೆಯೊಂದನ್ನು ಅಂಗೀಕರಿಸಿದವು: ಯಾವ ಕ್ಲಬ್ಬೂ 3 ವರ್ಷಗಳಲ್ಲಿ ಒಟ್ಟು 10.5 ಕೋಟಿ ಪೌಂಡಿಗಿಂತ ಹೆಚ್ಚು ನಷ್ಟ ಮಾಡಕೂಡದು, ಅದರಲ್ಲಿಯೂ 1.5 ಕೋಟಿಗೆ ಮೀರಿದ ಭಾಗವನ್ನು ಒಡೆಯರು ಸಾಲವಾಗಿಯಲ್ಲದೆ ಬಂಡವಾಳವಾಗಿಯೇ ತುಂಬಿಕೊಡಬೇಕು. ಕ್ರೀಡಾಂಗಣ, ಎಳೆಯರ ತರಬೇತಿ, ಮಹಿಳಾ ತಂಡ ಇವುಗಳ ಮೇಲಿನ ವೆಚ್ಚ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಈ ವಿನಾಯಿತಿ ವಿವೇಕದ್ದೇ. ಆದರೆ ತೊಡಕೂ ಅಲ್ಲಿಯೇ ಹುಟ್ಟಿತು.

ಲಿವರ್‌ಪೂಲ್ ನಗರದ ಎವರ್ಟನ್ ಕ್ಲಬ್ಬು ಹಡಗುಕಟ್ಟೆಯ ಬಳಿ ಹೊಸ ಕ್ರೀಡಾಂಗಣವನ್ನು ಕಟ್ಟಿಸುತ್ತಿದ್ದಾಗ, ತಾನು ತೆತ್ತ ಬಡ್ಡಿಯೂ ಆ ಕಟ್ಟಡದ ವೆಚ್ಚಕ್ಕೇ ಸೇರತಕ್ಕದ್ದೆಂದು ವಾದಿಸಿತು; ಲೀಗಿನ ಮಂಡಲಿ ಅದನ್ನು ಒಪ್ಪಲಿಲ್ಲ. ಆಪಾದನೆ ಹೊರಿಸುವ ಮಂಡಲಿಯೇ ತೀರ್ಪು ಕೊಡಲಾಗದು. ಅದಕ್ಕಾಗಿ ಮೂವರು ಸದಸ್ಯರ ಸ್ವತಂತ್ರ ಆಯೋಗವನ್ನು ನೇಮಿಸುವುದು ಪದ್ಧತಿ. ನಷ್ಟ ಮಿತಿಯನ್ನು 1.95 ಕೋಟಿ ಪೌಂಡಿನಷ್ಟು ಮೀರಿದೆಯೆಂದು ಕಂಡುಕೊಂಡ ಆಯೋಗವು 2023ರ ನವೆಂಬರಿನಲ್ಲಿ 10 ಅಂಕಗಳನ್ನು ಕಡಿತಗೊಳಿಸಿತು. ಹಣದ ದಂಡ ಸಾಲದೇ ಎಂದು ಅನೇಕರು ಕೇಳುತ್ತಾರೆ. ಸಿರಿವಂತ ಒಡೆಯನಿರುವ ಕ್ಲಬ್ಬಿಗೆ ದಂಡದ ಹಣ ತಕ್ಕ ಶಿಕ್ಷೆಯಾಗದೆಂದು ಆಯೋಗವೇ ಉತ್ತರ ಕೊಟ್ಟಿತು. ಅತಿವೆಚ್ಚದಿಂದ ದೊರೆತ ಲಾಭ ಮೈದಾನದ ಲಾಭವಾದುದರಿಂದ ಅದನ್ನು ಮೈದಾನದ ನಾಣ್ಯದಲ್ಲಿಯೇ, ಅಂದರೆ ಅಂಕಗಳಲ್ಲಿಯೇ, ಹಿಂದಕ್ಕೆ ಪಡೆಯುವುದು ನ್ಯಾಯವೆಂದು ನನ್ನ ಅಭಿಪ್ರಾಯ. ಮೇಲ್ಮನವಿಯಲ್ಲಿ 10 ಅಂಕ 6ಕ್ಕೆ ಇಳಿಯಿತು. ಮತ್ತೊಂದು ಅವಧಿಯ ಉಲ್ಲಂಘನೆಗಾಗಿ ಅದೇ ಋತುವಿನಲ್ಲಿ ಇನ್ನೂ 2 ಹೋದವು. ಹಾಗಿದ್ದೂ ಎವರ್ಟನ್ 15ನೆಯ ಸ್ಥಾನದಲ್ಲಿ ಉಳಿದುಕೊಂಡಿತು.

ಎಲ್ಲ ಶಿಕ್ಷೆಗಳಿಗಿಂತ ಕಠೋರವಾದುದು ಉಚ್ಚಾಟನೆ. 1888ರಲ್ಲಿ ಹುಟ್ಟಿದ ಆ ಹಳೆಯ ಲೀಗಿನಲ್ಲಿ 1894ರಿಂದ ಸದಸ್ಯವಾಗಿದ್ದು, ಎರಡು ಬಾರಿ ಫುಟ್‌ಬಾಲ್ ಅಸೋಸಿಯೇಷನ್ನಿನ ಎಫ್‌ಎ ಕಪ್ಪನ್ನು ಗೆದ್ದಿದ್ದ ಬರಿ ಎಂಬ ಊರಿನ ಕ್ಲಬ್ಬು 2018ರಲ್ಲಿ 1 ಪೌಂಡಿಗೆ ಹೊಸ ಒಡೆಯನ ಕೈಗೆ ಹೋಯಿತು. ಮರುವರ್ಷ ತಂಡವು ಮೈದಾನದಲ್ಲಿ ಚೆನ್ನಾಗಿ ಆಡಿ ಮೇಲಿನ ದರ್ಜೆಗೆ ಏರಿತು. ಆದರೆ ಕ್ಲಬ್ಬನ್ನು ನಡೆಸುವಷ್ಟು ಹಣವಿದೆಯೆಂಬುದಕ್ಕೆ ತಕ್ಕ ಪುರಾವೆ ದೊರೆಯದೆ, ಆ ದರ್ಜೆಯಲ್ಲಿ ಒಂದು ಲೀಗ್ ಪಂದ್ಯವನ್ನೂ ಆಡುವ ಮೊದಲೇ, 2019ರ ಆಗಸ್ಟ್ 27ರಂದು ಅದನ್ನು ಲೀಗಿನಿಂದ ಹೊರಹಾಕಲಾಯಿತು. ತಪ್ಪು ಒಡೆಯರದು, ಶಿಕ್ಷೆ ತಲೆಮಾರುಗಳಿಂದ ಗಿಗ್ ಲೇನ್ ಅಂಗಳಕ್ಕೆ ನಡೆದುಬರುತ್ತಿದ್ದ ಊರಿನವರಿಗೆ. ಕೊಳ್ಳುವವನನ್ನು ಬಾಗಿಲಲ್ಲಿಯೇ ತಡೆದು ಪರೀಕ್ಷಿಸದ ಲೀಗ್ ಕೊನೆಗೆ ಊರನ್ನೇ ಶಿಕ್ಷಿಸಬೇಕಾಗುತ್ತದೆ.

ಆಳಿಸಿಕೊಳ್ಳುವವರೇ ಆಳುವ ವ್ಯವಸ್ಥೆಯ ದೌರ್ಬಲ್ಯವಿದು: ತಮ್ಮ ಕ್ಲಬ್ಬನ್ನು ನಾಳೆ ಒಳ್ಳೆಯ ಬೆಲೆಗೆ ಮಾರಬಯಸುವ ಒಡೆಯರು ಕೊಳ್ಳುವವರ ಪರೀಕ್ಷೆಯನ್ನು ಬಿಗಿಗೊಳಿಸಲು ತಾವಾಗಿ ಮುಂದಾಗುವುದು ಕಷ್ಟ. 2021ರಲ್ಲಿ 6 ದೊಡ್ಡ ಕ್ಲಬ್ಬುಗಳು ಸಹಸದಸ್ಯರಿಗೆ ತಿಳಿಸದೆ ಯುರೋಪಿನ ಪ್ರತ್ಯೇಕ ಸೂಪರ್ ಲೀಗಿಗೆ ಹೊರಟುನಿಂತದ್ದು ಪ್ರೇಕ್ಷಕರ ಆಕ್ರೋಶದಿಂದ ಕೆಲವೇ ದಿನಗಳಲ್ಲಿ ಮುರಿದುಬಿದ್ದಿತಾದರೂ, ಸ್ವಯಂ ಆಡಳಿತದ ಮೇಲಿನ ನಂಬಿಕೆ ಹಿಂದಿನಂತೆ ಉಳಿಯಲಿಲ್ಲ. 2025ರಲ್ಲಿ ಬ್ರಿಟಿಷ್ ಸಂಸತ್ತು ಫುಟ್‌ಬಾಲ್ ಆಡಳಿತ ಕಾಯಿದೆಯನ್ನು ಅಂಗೀಕರಿಸಿ, ಕ್ಲಬ್ಬುಗಳಿಗೆ ಪರವಾನಗಿ ಕೊಡುವ ಸ್ವತಂತ್ರ ನಿಯಂತ್ರಣ ಸಂಸ್ಥೆಯನ್ನು ಸ್ಥಾಪಿಸಿತು. ಜರ್ಮನಿಯು 1998ರಿಂದಲೂ ಬೇರೊಂದು ದಾರಿ ಹಿಡಿದಿದೆ. ಅಲ್ಲಿ ಕೆಲವು ಅಪವಾದಗಳನ್ನುಳಿದು, ಕ್ಲಬ್ಬಿನ ಮತಾಧಿಕಾರದ ಅರ್ಧಕ್ಕಿಂತ ಹೆಚ್ಚು ಭಾಗ ಅದರ ಸಾಮಾನ್ಯ ಸದಸ್ಯರ ಸಂಘದ ಕೈಯಲ್ಲಿಯೇ ಇರಬೇಕು. ನನ್ನ ಒಲವು ಈ ದಾರಿಯ ಕಡೆಗೆ.

ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಗಾಗಿ ಕೂಗುವ ನಮ್ಮ ತರುಣರು, ಆ ಕ್ಲಬ್ಬು 2017ರಲ್ಲಿ ಸೇರಿದ ಇಂಡಿಯನ್ ಸೂಪರ್ ಲೀಗಿನಲ್ಲಿ ನಿಯಮ ಮಾಡುವವರಾರು, ಮತ ಯಾರದು, ತಳದಲ್ಲಿ ಉಳಿದವರ ಗತಿಯೇನು ಎಂದೂ ಕೇಳಬೇಕು. ಹಾಗೆ ಕೇಳುವುದಕ್ಕೆ ಮಾದರಿಯಾಗಿ, ಪ್ರೀಮಿಯರ್ ಲೀಗಿನ ನಿಯಮಗ್ರಂಥವೂ, ಎವರ್ಟನ್ ಪ್ರಕರಣದ ತೀರ್ಪುಗಳೂ ಪೂರ್ಣರೂಪದಲ್ಲಿ ಪ್ರಕಟವಾಗಿವೆ. ವಾಚಕರು ಮೊದಲು ತೀರ್ಪುಗಳನ್ನು ಓದಲಿ. ನಿಯಮಗ್ರಂಥದ ಯಾವ ಪುಟ ತೆರೆಯಬೇಕೆಂಬುದನ್ನು ಅವೇ ತೋರಿಸಿಕೊಡುತ್ತವೆ.